ಹೆಸರು ಬರೆಯದ ಉತ್ತರ ಪತ್ರಿಕೆಗಳು

ಶ್ರಾವಣದ ಒಂದು ಮಂಗಳವಾರ ಕುಂದಗೋಳ ತಾಲ್ಲೂಕಿನ ಒಂದು ಪ್ರೌಢಶಾಲೆಯ ಎಂಟನೆಯ ತರಗತಿಯಲ್ಲಿ, ಶಾಲಾ ಮಕ್ಕಳ ಆರೋಗ್ಯ ಸಮೀಕ್ಷೆಗೆಂದು ಸಿದ್ಧಪಡಿಸಿದ ನಮ್ಮ ಪ್ರಶ್ನಾವಳಿಯ ಪೂರ್ವಪರೀಕ್ಷೆ ನಡೆಸಿ, ಸಂಜೆ ಹುಬ್ಬಳ್ಳಿಗೆ ಮರಳಿ ಉತ್ತರಗಳನ್ನು ಎಣಿಸಲು ಕುಳಿತೆವು. ಒಂದು ಪ್ರಶ್ನೆಗೆ ಹೆಚ್ಚುಕಡಿಮೆ ಇಡೀ ತರಗತಿಯೇ ‘ಹೌದು’ ಎಂದು ಗುರುತು ಹಾಕಿತ್ತು. ‘ಕಳೆದ 30 ದಿನಗಳಲ್ಲಿ ಯಾರಾದರೂ ನಿಮ್ಮನ್ನು ಅಡ್ಡಹೆಸರಿನಿಂದ ಕರೆದು ಕಾಡಿಸಿದ್ದಾರೆಯೇ?’ ಎಂಬುದು ಆ ಪ್ರಶ್ನೆ. ಒಂದೇ ತರಗತಿಯಲ್ಲಿ ಇಷ್ಟೊಂದು ಮಕ್ಕಳು ಸಹಪಾಠಿಗಳ ಕಾಟಕ್ಕೆ ಒಳಗಾಗಿದ್ದಾರೆಂದು ನಂಬುವುದು ಕಷ್ಟವಾಗಿದ್ದರಿಂದ ಮರುದಿನ ಮತ್ತೆ ಹೋಗಿ ಮಕ್ಕಳನ್ನು ಕೂಡಿಸಿಕೊಂಡು ಕೇಳಿದೆವು. ಮುಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತು, “ಹೌದಲ್ರೀ ಅಕ್ಕೋರ, ಎಲ್ಲಾರೂ ಅಡ್ಡಹೆಸರ್ಲೇನ ಕರೀತಾರ್ರಿ. ನಾ ಮೆಣಸಿನಕಾಯಿ, ಇವಾ ಉಳ್ಳಾಗಡ್ಡಿ” ಎಂದ.

ಪ್ರಶ್ನಾವಳಿಯನ್ನು ಕನ್ನಡಕ್ಕೆ ತಂದವರು ದಕ್ಷಿಣದ ಜಿಲ್ಲೆಗಳವರು. ಅವರ ಮಾತಿನಲ್ಲಿ ಅಡ್ಡಹೆಸರು ಎಂದರೆ ಗೇಲಿಗಾಗಿ ಅಂಟಿಸಿದ ಹೆಸರು. ನಮ್ಮ ಕಡೆ ಅಡ್ಡಹೆಸರು ಎಂದರೆ ಮನೆತನದ ಹೆಸರು. ಹಾಜರಿ ಪುಸ್ತಕದಲ್ಲಿ ಇರುವುದೂ ಅದೇ, ಗುರುಗಳು ಕರೆಯುವುದೂ ಅದರಿಂದಲೇ. ಒಂದೇ ಭಾಷೆಯ ಒಂದು ಶಬ್ದ ತುಂಗಭದ್ರೆಯನ್ನು ದಾಟುವಾಗ ಅರ್ಥ ಬದಲಿಸಿಕೊಂಡಿದ್ದನ್ನು ನಾವು ಆ ದಿನ ಕಾಣದೆ ಹೋಗಿದ್ದರೆ, ಧಾರವಾಡ ಮತ್ತು ಗದಗ ಜಿಲ್ಲೆಗಳ ಮಕ್ಕಳೆಲ್ಲ ಶಾಲೆಯಲ್ಲಿ ಕಿರುಕುಳ ಅನುಭವಿಸುತ್ತಿದ್ದಾರೆ ಎಂಬ ವರದಿ ಸಿದ್ಧವಾಗುತ್ತಿತ್ತು. ಪ್ರಶ್ನೆಯನ್ನು ‘ನಿಮಗೆ ನೋವಾಗುವಂಥ ಹೆಸರು ಇಟ್ಟು ಕಾಡಿಸಿದ್ದಾರೆಯೇ?’ ಎಂದು ತಿದ್ದಿದೆವು.

ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ, ಸಮುದಾಯ ಆರೋಗ್ಯದ ಅಧ್ಯಯನಗಳಲ್ಲಿ ಕ್ಷೇತ್ರ ಮೇಲ್ವಿಚಾರಕಿಯಾಗಿ ಕೆಲಸ ಮಾಡುವ ನನಗೆ ಶಾಲಾ ಮಕ್ಕಳ ಸಮೀಕ್ಷೆ ಇದೇ ಮೊದಲನೆಯದು. ಧಾರವಾಡ ಮತ್ತು ಗದಗ ಜಿಲ್ಲೆಗಳ 20 ಪ್ರೌಢಶಾಲೆಗಳಲ್ಲಿ ಎಂಟರಿಂದ ಹತ್ತನೆಯ ತರಗತಿಯ ಮಕ್ಕಳು ಏನು ತಿನ್ನುತ್ತಾರೆ, ಎಷ್ಟು ಆಡುತ್ತಾರೆ, ಎಷ್ಟು ನಿದ್ದೆ ಮಾಡುತ್ತಾರೆ, ತಂಬಾಕು ಅಥವಾ ಮದ್ಯದ ರುಚಿ ನೋಡಿದ್ದಾರೆಯೇ, ಹೊಡೆತ ತಿಂದಿದ್ದಾರೆಯೇ, ಮನಸ್ಸಿನಲ್ಲಿ ಏನನ್ನು ಹೊತ್ತುಕೊಂಡಿದ್ದಾರೆ ಎಂಬುದನ್ನು ಅವರಿಂದಲೇ ಬರೆಸಿಕೊಳ್ಳುವುದು ನಮ್ಮ ಕೆಲಸ. ಪ್ರಶ್ನೆಗಳ ಮೂಲ ನಮ್ಮದಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ ಅಮೆರಿಕದ ರೋಗ ನಿಯಂತ್ರಣ ಮತ್ತು ತಡೆ ಕೇಂದ್ರವೂ ಸೇರಿ ರೂಪಿಸಿ, 2003ರಿಂದ ಅನೇಕ ದೇಶಗಳಲ್ಲಿ ನಡೆಸುತ್ತ ಬಂದಿರುವ ಜಾಗತಿಕ ಶಾಲಾ ವಿದ್ಯಾರ್ಥಿ ಆರೋಗ್ಯ ಸಮೀಕ್ಷೆಯ ಮಾದರಿಯನ್ನು ನಾವು ಅನುಸರಿಸಿದೆವು. ಅದಕ್ಕೂ ಮೊದಲು, 1991ರಿಂದಲೇ, ಅಮೆರಿಕದಲ್ಲಿ ಎರಡು ವರ್ಷಕ್ಕೊಮ್ಮೆ ಹದಿಹರೆಯದವರ ಅಪಾಯಕರ ವರ್ತನೆಗಳ ಸಮೀಕ್ಷೆ ನಡೆಯುತ್ತಿದೆ. ಭಾರತದಲ್ಲಿ ಜಾಗತಿಕ ಸಮೀಕ್ಷೆ 2007ರಲ್ಲಿ ನಡೆದದ್ದು ಸಿಬಿಎಸ್‌ಇ ಶಾಲೆಗಳಲ್ಲಿ. ಆದ್ದರಿಂದ ಹೊಲದ ಕೆಲಸಕ್ಕೂ ಶಾಲೆಗೂ ನಡುವೆ ಓಡಾಡುವ, ರಾಜ್ಯ ಪಠ್ಯಕ್ರಮದ ನಮ್ಮ ಕನ್ನಡ ಮಾಧ್ಯಮದ ಮಕ್ಕಳ ಮಾತು ಅದರಲ್ಲಿ ಬಂದಿಲ್ಲ. ನಾನು ಈ ಕೆಲಸವನ್ನು ಒಪ್ಪಿಕೊಂಡಿದ್ದಕ್ಕೆ ಅದೇ ಕಾರಣ.

ಪೂರ್ವಪರೀಕ್ಷೆಯ ಆ ಎರಡು ವಾರಗಳಷ್ಟು ಕಲಿತದ್ದು ನಾನು ಬೇರೆಲ್ಲೂ ಇಲ್ಲ. ಮನೆಯಲ್ಲಿ ಸಾಕಷ್ಟು ಆಹಾರವಿಲ್ಲದ ಕಾರಣ ಮಗು ಹಸಿದಿತ್ತೇ ಎಂದು ತಿಳಿಯುವ ಪ್ರಶ್ನೆಯಲ್ಲಿ ಮೊದಲ ಕರಡಿನವರು ‘ಉಪವಾಸ’ ಎಂಬ ಪದ ಬಳಸಿದ್ದರು. ಶ್ರಾವಣ ಸೋಮವಾರದ ಮರುದಿನವೇ ನಾವು ಹೋದದ್ದರಿಂದ, ಅಮ್ಮನ ಜೊತೆ ಒಪ್ಪತ್ತು ಮಾಡಿದ ಹುಡುಗಿಯರೆಲ್ಲ ಅದಕ್ಕೆ ‘ಕೆಲವು ಬಾರಿ’ ಎಂದು ಗುರುತು ಹಾಕಿದ್ದರು. ರಂಜಾನಿನ ನಂತರ ಹೋಗಿದ್ದರೆ ರೋಜಾ ಹಿಡಿದ ಮಕ್ಕಳೂ ಹಾಗೆಯೇ ಮಾಡುತ್ತಿದ್ದರು. ಭಕ್ತಿಯಿಂದ ಬಿಟ್ಟ ಊಟವೂ ಬಡತನದಿಂದ ಸಿಗದ ಊಟವೂ ಒಂದೇ ಖಾನೆಯಲ್ಲಿ ಬೀಳುವಂತಾಗಿತ್ತು. ‘ಮನ್ಯಾಗ ರೊಟ್ಟಿ ಸಾಲದ್ದಕ್ಕ ಹಸಗೊಂಡು ಇದ್ದದ್ದು’ ಎಂದು ಬಾಯಿಮಾತಿನಲ್ಲಿ ವಿವರಿಸಿದ ಮೇಲೆ ತರಗತಿ ಸುಮ್ಮನಾಯಿತು. ಆ ಮೌನದಲ್ಲೇ ಪ್ರಶ್ನೆ ಸರಿಯಾದ ಜಾಗಕ್ಕೆ ತಲುಪಿತೆಂದು ನನಗೆ ತಿಳಿಯಿತು.

‘ಬೇಸರ’ವೂ ನಮ್ಮನ್ನು ಬಹಳ ಕಾಡಿತು. ದುಃಖಕ್ಕೂ ಬೇಸರ, ಆಯಾಸಕ್ಕೂ ಬೇಸರ, ಮಾಡಲು ಏನೂ ಇಲ್ಲದ ಮಧ್ಯಾಹ್ನಕ್ಕೂ ಬೇಸರ. ಭಾನುವಾರ ಮೊಬೈಲಿಗೆ ಕರೆನ್ಸಿ ಇಲ್ಲದ್ದರಿಂದ ಬ್ಯಾಸರ ಆಗಿತ್ತು ಎಂದ ಹುಡುಗನಿಗೂ, ಎರಡು ವಾರದಿಂದ ಯಾರೊಂದಿಗೂ ಮಾತು ಬೇಡವೆನಿಸಿದೆ ಎಂದ ಹುಡುಗಿಗೂ ನಾವು ಒಂದೇ ಪದ ಕೊಟ್ಟಿದ್ದೆವು. ಕೊನೆಗೆ ಆ ಪದವನ್ನೇ ಬಿಟ್ಟು, ‘ಎರಡು ವಾರ ಅಥವಾ ಅದಕ್ಕಿಂತ ಹೆಚ್ಚು ಕಾಲ, ದಿನವೂ ಮಾಡುವ ಕೆಲಸಗಳನ್ನು ಬಿಟ್ಟುಬಿಡುವಷ್ಟು ದುಃಖವಾಗಿತ್ತೇ?’ ಎಂದು ಬಿಡಿಸಿ ಬರೆದೆವು.

ತಂಬಾಕಿನ ಪ್ರಶ್ನೆಯಲ್ಲಿ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ನಮ್ಮ ಕಣ್ಣು ತೆರೆಸಿದಳು. ತಂಬಾಕನ್ನು ಯಾವ ರೂಪದಲ್ಲೂ ಬಳಸಿಲ್ಲ ಎಂದು ಉತ್ತರಿಸಿದ್ದವಳು, ಬೆಳಿಗ್ಗೆ ಹಲ್ಲನ್ನು ಯಾವುದರಿಂದ ಉಜ್ಜುತ್ತೀ ಎಂದು ಮಾತಿನ ನಡುವೆ ಕೇಳಿದಾಗ, “ಆಯಿ ಮಿಶ್ರಿ ಸುಟ್ಟ ಇಟ್ಟಿರ್ತಾಳ್ರಿ, ಅದನ್ನ ಹಚ್ಚಿ ತಿಕ್ಕೋತೀನ್ರಿ. ಅದು ಚಟಾ ಅಲ್ರಿ ಅಕ್ಕೋರ, ಹಲ್ಲಿನ ಪುಡಿ” ಎಂದಳು. ಹುರಿದು ಪುಡಿ ಮಾಡಿದ ತಂಬಾಕೇ ಮಿಶ್ರಿ. ಅವಳು ಸುಳ್ಳು ಹೇಳಿರಲಿಲ್ಲ. ಅವಳ ಮನೆಯಲ್ಲಿ ಅದು ತಂಬಾಕಿನ ಲೆಕ್ಕಕ್ಕೆ ಸೇರಿರಲಿಲ್ಲ, ಅಷ್ಟೆ. ಅಂದಿನಿಂದ ಪ್ರಶ್ನೆಯಲ್ಲಿ ಬೀಡಿ, ಸಿಗರೇಟು, ಗುಟ್ಕಾ, ಎಲೆ ಅಡಿಕೆಯ ಜೊತೆಗಿನ ತಂಬಾಕು, ಸುಣ್ಣದೊಡನೆ ತಿಕ್ಕಿದ ತಂಬಾಕು, ಮಿಶ್ರಿ ಎಂದು ಒಂದೊಂದನ್ನೂ ಹೆಸರಿಸಿ ಕೇಳತೊಡಗಿದೆವು. ಕರ್ನಾಟಕದಲ್ಲಿ 2013ರಲ್ಲೇ ಗುಟ್ಕಾ ನಿಷೇಧವಾಗಿದೆಯಾದರೂ ಪಾನ್ ಮಸಾಲಾ ಒಂದು ಚೀಟಿನಲ್ಲೂ ತಂಬಾಕು ಇನ್ನೊಂದು ಚೀಟಿನಲ್ಲೂ ಜೋಡಿಯಾಗಿ ಸಿಗುತ್ತವೆ. ಎರಡನ್ನೂ ಬೆರೆಸಿಕೊಳ್ಳುವ ಹುಡುಗ ತಾನು ಗುಟ್ಕಾ ತಿನ್ನುವುದಿಲ್ಲವೆಂದು ಪ್ರಾಮಾಣಿಕವಾಗಿಯೇ ಹೇಳಬಲ್ಲ.

ಅನುಮತಿಗಳ ಹಾದಿ ಉದ್ದವಾಗಿತ್ತು, ಆದರೆ ಅದರಲ್ಲಿ ಹೇಳುವಂಥದ್ದು ಕಡಿಮೆ. ಸಂಶೋಧನೆಯ ನೈತಿಕ ಸಮಿತಿ, ಶಿಕ್ಷಣ ಇಲಾಖೆಯ ಉಪನಿರ್ದೇಶಕರ ಕಚೇರಿ, ಕ್ಷೇತ್ರ ಶಿಕ್ಷಣಾಧಿಕಾರಿಗಳು, ಮುಖ್ಯಾಧ್ಯಾಪಕರು, ಶಾಲಾಭಿವೃದ್ಧಿ ಸಮಿತಿ ಎಂದು ಒಂದರ ನಂತರ ಒಂದು ಮೆಟ್ಟಿಲು ಹತ್ತಿದೆವು. ಲೈಂಗಿಕ ವರ್ತನೆಯ ಪ್ರಶ್ನೆಗಳನ್ನು ಕೈಬಿಡುವುದಾದರೆ ಮಾತ್ರ ಒಪ್ಪಿಗೆ ಎಂದು ಮೊದಲ ಹಂತದಲ್ಲೇ ತೀರ್ಮಾನವಾಯಿತು. ಹದಿನೈದರ ಹುಡುಗಿಯರಿಗೆ ಮದುವೆ ಗೊತ್ತು ಮಾಡುವ ಮನೆಗಳು ಇನ್ನೂ ಇರುವ ಸೀಮೆಯಲ್ಲಿ ಆ ಭಾಗವನ್ನು ಕೇಳದೇ ಬಿಟ್ಟದ್ದು ದೊಡ್ಡ ಕೊರತೆ ಎಂದು ನಾನು ಆಗಲೂ ಹೇಳಿದ್ದೆ, ಈಗಲೂ ಹೇಳುತ್ತೇನೆ.

ಪಾಲಕರ ಒಪ್ಪಿಗೆಯ ಮಾತು ಬೇರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ ಹನ್ನೆರಡು ದಾಟಿದ ಮಗುವಿನಿಂದಲೂ ಬರವಣಿಗೆಯಲ್ಲಿ ಸಮ್ಮತಿ ಪಡೆಯಬೇಕು, ಅದರ ಜೊತೆ ಪಾಲಕರ ಒಪ್ಪಿಗೆಯೂ ಬೇಕು. ಮಕ್ಕಳ ಕೈಯಲ್ಲಿ ಕೊಟ್ಟು ಕಳಿಸಿದ ಅರ್ಜಿಗಳಲ್ಲಿ ಅರ್ಧದಷ್ಟು ದಪ್ತರದೊಳಗೇ ಮಡಚಿಕೊಂಡು ಉಳಿದವು. ಕೂಲಿಗೆ ಬೆಳಗಿನ ಏಳಕ್ಕೇ ಹೊರಡುವ ತಾಯಂದಿರನ್ನು ನಾವು ಸಂಜೆ ಮನೆಗಳಲ್ಲೇ ಕಂಡೆವು. ನವಲಗುಂದ ತಾಲ್ಲೂಕಿನ ಒಂದು ಓಣಿಯಲ್ಲಿ ಒಬ್ಬ ತಾಯಿ ಕಾಗದವನ್ನು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಸುಮ್ಮನಿದ್ದು, “ಸಹಿ ಯಾಕ ಬೇಕ್ರೀ ಅಕ್ಕಾರ? ನಮ್ಮ ಹುಡುಗಿ ಏನರ ತಪ್ಪ ಮಾಡ್ಯಾಳೇನ್ರಿ?” ಎಂದು ಕೇಳಿದರು. ಅವರ ಅನುಭವದಲ್ಲಿ ಹೊರಗಿನವರು ಸಹಿ ಕೇಳುವುದು ಸಾಲಕ್ಕೆ ಅಥವಾ ತಕರಾರಿಗೆ. ಪ್ರಶ್ನೆಗಳನ್ನೆಲ್ಲ ಓದಿ ಹೇಳಿ, ಬೇಡವೆಂದರೆ ಮಗಳಿಗೆ ಯಾವ ತೊಂದರೆಯೂ ಆಗದೆಂದು ತಿಳಿಸಿದ ಮೇಲೆ, ಪಕ್ಕದ ಮನೆಯವರನ್ನು ಸಾಕ್ಷಿಗೆ ಕೂಡಿಸಿಕೊಂಡು ಹೆಬ್ಬೆಟ್ಟು ಒತ್ತಿದರು. ಅಂಥ ಒಂದು ಹೆಬ್ಬೆಟ್ಟಿಗೆ ನಲವತ್ತು ನಿಮಿಷ ಹಿಡಿಯುತ್ತದೆ. ಸಮೀಕ್ಷೆಯ ವೇಳಾಪಟ್ಟಿ ಮಾಡುವವರು ಈ ನಲವತ್ತು ನಿಮಿಷಕ್ಕೆ ಜಾಗ ಇಡಬೇಕು.

ಶಾಲೆಗಳ ಆಯ್ಕೆ ನಮ್ಮ ಇಷ್ಟದಂತೆ ನಡೆಯಲಿಲ್ಲ, ನಡೆಯಬಾರದು ಕೂಡ. ಎರಡೂ ಜಿಲ್ಲೆಗಳ ಪ್ರೌಢಶಾಲೆಗಳನ್ನು ದಾಖಲಾತಿಯ ಸಂಖ್ಯೆಯೊಂದಿಗೆ ಪಟ್ಟಿ ಮಾಡಿ, ಹೆಚ್ಚು ಮಕ್ಕಳಿರುವ ಶಾಲೆಗೆ ಹೆಚ್ಚು ಅವಕಾಶ ಸಿಗುವಂತೆ ಲೆಕ್ಕ ಹಾಕಿ ಶಾಲೆಗಳನ್ನು ಆರಿಸಲಾಗುತ್ತದೆ. ಆ ಮೇಲೆ ಆ ಶಾಲೆಯ ತರಗತಿ ವಿಭಾಗಗಳಿಗೆ ಸಂಖ್ಯೆ ಕೊಟ್ಟು, ಯಾದೃಚ್ಛಿಕ ಸಂಖ್ಯೆಯಿಂದ ಆರಂಭಿಸಿ ಸಮಾನ ಅಂತರದಲ್ಲಿ ವಿಭಾಗಗಳನ್ನು ಎತ್ತಲಾಗುತ್ತದೆ. ಆಯ್ಕೆಯಾದ ವಿಭಾಗದ ಎಲ್ಲ ಮಕ್ಕಳೂ ಅರ್ಹರು. ಇದನ್ನು ಮುಖ್ಯಾಧ್ಯಾಪಕರಿಗೆ ತಿಳಿಸಿ ಹೇಳುವುದೇ ಕಷ್ಟವಾಯಿತು. ರೋಣ ತಾಲ್ಲೂಕಿನ ಒಂದು ಶಾಲೆಯಲ್ಲಿ ಗುರುಗಳು ಚಹಾ ತರಿಸಿ, ಬಹಳ ವಿಶ್ವಾಸದಿಂದಲೇ, “ಬಿ ವಿಭಾಗ ಯಾಕ್ರಿ ಮೇಡಮ್ಮಾರ, ಅಲ್ಲಿ ಹುಡುಗ್ರು ಸ್ವಲ್ಪ ಹಂಗಽ. ಎ ವಿಭಾಗ ತಗೋರಿ, ಎಲ್ಲಾ ಶ್ಯಾಣ್ಯಾ ಹುಡುಗ್ರು” ಎಂದರು. ಮತ್ತೊಂದು ಕಡೆ ಹತ್ತನೆಯ ತರಗತಿಯನ್ನು ಬಿಟ್ಟುಕೊಡಲು ಒಪ್ಪಲಿಲ್ಲ, ಎಸ್‌ಎಸ್‌ಎಲ್‌ಸಿ ಫಲಿತಾಂಶದ ಒತ್ತಡ ಅವರ ತಲೆಯ ಮೇಲಿತ್ತು. ಒಂದೇ ಒಂದು ಪೀರಿಯಡ್ ಸಾಕು, ಶಾಲೆಯ ಹೆಸರು ವರದಿಯಲ್ಲಿ ಎಲ್ಲಿಯೂ ಬರುವುದಿಲ್ಲ, ಎಲ್ಲ ಶಾಲೆಗಳ ಉತ್ತರವೂ ಒಂದೇ ರಾಶಿಯಲ್ಲಿ ಸೇರುತ್ತದೆ ಎಂದು ಬರೆದುಕೊಟ್ಟ ಮೇಲೆ ಬಾಗಿಲು ತೆರೆಯಿತು.

ಬಿ ವಿಭಾಗ ಬೇಡವೆಂದ ಗುರುಗಳೇ ಇನ್ನೊಂದು ಮಾತು ಹೇಳಿದರು. 2019ರ ಜಾಗತಿಕ ಯುವಜನ ತಂಬಾಕು ಸಮೀಕ್ಷೆಯಲ್ಲಿ 13ರಿಂದ 15 ವರ್ಷದ ಭಾರತದ ವಿದ್ಯಾರ್ಥಿಗಳಲ್ಲಿ ಶೇ 8.5ರಷ್ಟು ಮಕ್ಕಳು ತಂಬಾಕು ಬಳಸುತ್ತಿರುವುದಾಗಿ ಹೇಳಿದ್ದಾರೆ, ಕರ್ನಾಟಕದಲ್ಲಿ ಅದು ಶೇ 1.2 ಮಾತ್ರ, ಹೀಗಿರುವಾಗ ಮತ್ತೆ ಕೇಳುವ ಅಗತ್ಯವೇನು ಎಂಬುದು ಅವರ ಪ್ರಶ್ನೆ. ನಾನು ಆ ಅಂಕಿಯನ್ನು ತಳ್ಳಿಹಾಕಲಿಲ್ಲ, ತಳ್ಳಿಹಾಕುವ ಅಧಿಕಾರವೂ ನನಗಿಲ್ಲ. ಮಿಶ್ರಿ ಹಚ್ಚುವ ಆ ಹುಡುಗಿಯ ಕಥೆಯನ್ನಷ್ಟೇ ಹೇಳಿದೆ. ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರಬಾರದೆಂದು 2003ರ ಕಾಯ್ದೆ ಹೇಳುತ್ತದೆ. ಅವರ ಶಾಲೆಯ ಮುಂದೆ ರಸ್ತೆಯ ಮೇಲೆ ಹಳದಿ ಗೆರೆಯನ್ನೂ ಎಳೆದಿದ್ದಾರೆ. ಗೆರೆ ದಾಟಿ ಹತ್ತು ಹೆಜ್ಜೆ ಇಟ್ಟರೆ ಚೀಟುಗಳ ಸರ ತೂಗುವ ಅಂಗಡಿ ಇದೆ ಎಂದು ಅವರೇ ನೆನಪಿಸಿಕೊಂಡರು.

ಇನ್ನು ಕೋಣೆಯ ಮಾತು. ಈ ಕೆಲಸದ ಜೀವ ಇರುವುದು ಆ ನಲವತ್ತೈದು ನಿಮಿಷಗಳಲ್ಲಿ, ಆ ನಾಲ್ಕು ಗೋಡೆಗಳ ನಡುವೆ. ತಾನು ಬರೆದದ್ದನ್ನು ಗೆಳೆಯನೂ ಗುರುವೂ ಅಪ್ಪನೂ ಎಂದಿಗೂ ನೋಡಲಾರರೆಂದು ಮಗು ನಂಬಿದರೆ ಮಾತ್ರ ಅದು ಬರೆದದ್ದು ನಿಜವಾಗಿರುತ್ತದೆ. ಆ ನಂಬಿಕೆಯನ್ನು ಭಾಷಣದಿಂದ ಹುಟ್ಟಿಸಲಾಗದು, ಏರ್ಪಾಡಿನಿಂದ ಮಾತ್ರ ಹುಟ್ಟಿಸಬಹುದು. ಒಂದೊಂದು ಬೆಂಚಿನಲ್ಲಿ ಮೂವರು ನಾಲ್ವರು ಒತ್ತಿಕೊಂಡು ಕೂರುವ ಕೋಣೆಗಳಲ್ಲಿ ಅದು ಆಗದ ಮಾತು. ಆದ್ದರಿಂದ ಸಾಧ್ಯವಾದಲ್ಲೆಲ್ಲ ಮಕ್ಕಳನ್ನು ಸಭಾಗೃಹಕ್ಕೋ ಪಡಸಾಲೆಗೋ ಕರೆತಂದು, ಜಮಖಾನೆ ಹಾಸಿ, ಎರಡು ಮಾರು ಬಿಟ್ಟು ಕೂಡಿಸಿದೆವು. ಪ್ರತಿಯೊಬ್ಬರಿಗೂ ಒಂದೇ ಬಣ್ಣದ ಪೆನ್ಸಿಲು, ಪತ್ರಿಕೆಯ ಕೆಳಗೆ ಇಟ್ಟುಕೊಳ್ಳಲು ಒಂದು ರಟ್ಟು, ಉತ್ತರವನ್ನು ಮುಚ್ಚಿಕೊಳ್ಳಲು ಇನ್ನೊಂದು ರಟ್ಟು ಕೊಟ್ಟೆವು. ಹೆಸರಿಲ್ಲ, ಹಾಜರಿ ಸಂಖ್ಯೆ ಇಲ್ಲ, ಕೈಬರಹಕ್ಕೆ ಎಡೆಯಿಲ್ಲ; ಗೋಲವನ್ನು ತುಂಬಿದರೆ ಸಾಕು.

ಎಂಟನೆಯ ತರಗತಿಯ ಕೆಲ ಮಕ್ಕಳಿಗೆ ಓದುವುದು ತಡವಾಗುತ್ತದೆ. ಆದ್ದರಿಂದ ಪ್ರತಿ ಪ್ರಶ್ನೆಯನ್ನೂ ನಾನು ಗಟ್ಟಿಯಾಗಿ ಓದಿ, ಎಲ್ಲರೂ ಒಟ್ಟಿಗೆ ಮುಂದೆ ಸಾಗುವಂತೆ ನೋಡಿಕೊಂಡೆ. ಪ್ರಶ್ನಾವಳಿಯ ರಚನೆಯಲ್ಲಿಯೇ ಒಂದು ಜಾಣತನ ಇದೆ, ಅದನ್ನು ಮೊದಲು ನಾನು ಗಮನಿಸಿರಲಿಲ್ಲ. ಸಾಮಾನ್ಯವಾಗಿ ಸಮೀಕ್ಷೆಗಳಲ್ಲಿ ‘ಇಲ್ಲ ಎಂದಾದರೆ 15ನೆಯ ಪ್ರಶ್ನೆಗೆ ಹೋಗಿ’ ಎಂದು ಇರುತ್ತದೆ. ಇಲ್ಲಿ ಹಾಗೆ ಇಲ್ಲ. ಮೊದಲ ಬಾರಿ ಸಿಗರೇಟು ಸೇದಿದಾಗ ವಯಸ್ಸೆಷ್ಟು ಎಂಬ ಪ್ರಶ್ನೆಗೆ ‘ನಾನು ಎಂದೂ ಸೇದಿಲ್ಲ’ ಎಂಬುದೇ ಮೊದಲ ಆಯ್ಕೆ. ಸೇದಿದವನೂ ಸೇದದವನೂ ಅಷ್ಟೇ ಗೋಲಗಳನ್ನು ತುಂಬಬೇಕು, ಅಷ್ಟೇ ಸಮಯ ತೆಗೆದುಕೊಳ್ಳಬೇಕು. ಯಾರ ಪೆನ್ಸಿಲು ಹೆಚ್ಚು ಓಡಿತೆಂದು ನೋಡಿ ಪಕ್ಕದವನು ಏನನ್ನೂ ಊಹಿಸಲಾರ.

‘ಕಳೆದ 30 ದಿನಗಳು’ ಎಂಬುದನ್ನು ಮಕ್ಕಳ ಮನಸ್ಸಿಗೆ ತರುವುದಕ್ಕೆ ದಿನದರ್ಶಿಕೆ ನೆರವಾಗಲಿಲ್ಲ. ಮುಖ್ಯ ಸಮೀಕ್ಷೆಗೆ ನಾವು ಹೋದದ್ದು ನವೆಂಬರಿನಲ್ಲಿ. “ದೀಪಾವಳಿ ಪಾಡ್ಯದಿಂದ ಇವತ್ತಿನ ತನಕ” ಎಂದಾಗ ತಲೆಗಳೆಲ್ಲ ಅಲ್ಲಾಡಿದವು. ದಿನಗಳು ಸರಿದಂತೆ ಪ್ರತಿ ಊರಿನಲ್ಲೂ ಬೇರೊಂದು ಗುರುತು ಹುಡುಕಿಕೊಂಡೆವು: ಊರ ಜಾತ್ರೆ, ಘಟಕ ಪರೀಕ್ಷೆ, ಹತ್ತಿ ಬಿಡಿಸಲು ಹತ್ತಿದ ದಿನ.

ಮಕ್ಕಳು ತಮಾಷೆಗೆ ಎಲ್ಲಕ್ಕೂ ‘ಹೌದು’ ಎಂದು ತುಂಬಿದರೇನು ಗತಿ ಎಂದು ನಮ್ಮನ್ನು ಬಹಳ ಮಂದಿ ಕೇಳಿದ್ದಾರೆ. ಯುರೋಪಿನ ಶಾಲೆಗಳಲ್ಲಿ 1995ರಿಂದ ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಮಾದಕ ವಸ್ತುಗಳ ಸಮೀಕ್ಷೆಯಲ್ಲಿ ‘ರೆಲೆವಿನ್’ ಎಂಬ, ಲೋಕದಲ್ಲೇ ಇಲ್ಲದ ಒಂದು ಮಾದಕದ ಹೆಸರನ್ನು ಸೇರಿಸುತ್ತಾರೆ. ಅದನ್ನೂ ಸೇವಿಸಿದ್ದೇನೆ ಎಂದವನ ಉಳಿದ ಉತ್ತರಗಳನ್ನು ಎಚ್ಚರದಿಂದ ನೋಡಬೇಕೆಂದು ತಿಳಿಯುತ್ತದೆ. ನಾವೂ ಹಾಗೆ ಒಂದು ಹೆಸರನ್ನು ಹುಟ್ಟಿಸಿ ಸೇರಿಸಿದ್ದೆವು. ಅದಕ್ಕೆ ಗುರುತು ಹಾಕಿದವರು ಬೆರಳೆಣಿಕೆಯಷ್ಟು ಮಂದಿ. ಮಕ್ಕಳು ಹಗುರವಾಗಿ ಬರೆಯುತ್ತಾರೆಂಬ ದೊಡ್ಡವರ ಅನುಮಾನ ನನ್ನ ಪಾಲಿಗೆ ಅಲ್ಲಿಗೆ ಮುಗಿಯಿತು.

ಒಂದು ಶಾಲೆಯಲ್ಲಿ ಮಾತ್ರ ಎಲ್ಲವೂ ಕೆಟ್ಟಿತು, ಅದರ ಹೊಣೆ ನನ್ನದು. ಪತ್ರಿಕೆಗಳನ್ನು ಸಂಗ್ರಹಿಸುವ ಹೊತ್ತಿಗೆ ಯಾರೋ ಕರೆದರೆಂದು ನಾನು ಬಾಗಿಲ ಬಳಿ ಹೋಗಿದ್ದೆ. ಹೊರಗಿರಬೇಕಿದ್ದ ತರಗತಿ ಶಿಕ್ಷಕರು ನೆರವಾಗುವ ಉದ್ದೇಶದಿಂದಲೇ ಒಳಗೆ ಬಂದು, ಸಾಲುಸಾಲಾಗಿ ಪತ್ರಿಕೆ ತೆಗೆದುಕೊಳ್ಳುತ್ತ, ಒಂದರ ಮೇಲೆ ಕಣ್ಣಾಡಿಸಿ, “ಏನಲೇ ಇದು, ನೀನೂ ಶುರು ಹಚ್ಚಿಕೊಂಡಿಯೇನು?” ಎಂದರು. ಅವರ ದನಿಯಲ್ಲಿ ಸಿಟ್ಟೂ ಇರಲಿಲ್ಲ. ಆದರೆ ಆ ಹುಡುಗನ ಮುಖದ ರಕ್ತ ಇಳಿದುಹೋದದ್ದನ್ನು ನಾನು ಬಾಗಿಲಿನಿಂದ ನೋಡಿದೆ. ಹಿಂದಿನ ಸಾಲುಗಳಲ್ಲಿ ರಬ್ಬರುಗಳು ಓಡತೊಡಗಿದವು. ಇನ್ನೂ ಪತ್ರಿಕೆ ಕೊಡದ ಮಕ್ಕಳು ತಲೆ ತಗ್ಗಿಸಿ, ತುಂಬಿದ್ದ ಗೋಲಗಳನ್ನು ಅಳಿಸಿ ‘ಇಲ್ಲ’ಕ್ಕೆ ಬದಲಿಸುತ್ತಿದ್ದರು. ಆ ಸದ್ದು ಇಂದಿಗೂ ನನ್ನ ಕಿವಿಯಲ್ಲಿದೆ. ಆ ತರಗತಿಯ ಪತ್ರಿಕೆಗಳನ್ನೆಲ್ಲ ಲೆಕ್ಕದಿಂದ ತೆಗೆದು, ನಡೆದದ್ದನ್ನು ನೈತಿಕ ಸಮಿತಿಗೆ ಬರೆದು ತಿಳಿಸಿದೆವು. ಆ ಹುಡುಗನಿಗೆ ಶಾಲೆಯಲ್ಲಾಗಲಿ ಮನೆಯಲ್ಲಾಗಲಿ ಏನೂ ಆಗಬಾರದೆಂದು ಶಿಕ್ಷಕರೊಂದಿಗೆ ಕುಳಿತು ಮಾತಾಡಿದೆವು. ಅವರು ಒಪ್ಪಿದರು, ನಡೆದುದಕ್ಕೆ ನೊಂದುಕೊಂಡರು. ಮರುದಿನ ಕಿರಾಣಿ ಅಂಗಡಿಯಿಂದ ಒಂದು ರಟ್ಟಿನ ಡಬ್ಬಿ ತಂದು, ಮೇಲೆ ಸೀಳು ಮಾಡಿ, ಸುತ್ತಲೂ ಅಂಟುಪಟ್ಟಿ ಸುತ್ತಿದೆ. ಅಂದಿನಿಂದ ಮಕ್ಕಳು ತಾವೇ ಎದ್ದು ಬಂದು ಪತ್ರಿಕೆಯನ್ನು ಮಡಚಿ ಡಬ್ಬಿಯಲ್ಲಿ ಹಾಕಿದರು. ಕೊನೆಗೆ ಅವರಲ್ಲೇ ಒಬ್ಬರಿಂದ ಡಬ್ಬಿಯನ್ನು ಚೆನ್ನಾಗಿ ಅಲುಗಾಡಿಸಿದೆವು. ಪತ್ರಿಕೆಗಳು ಒಳಗೆ ಬೆರೆಯುವ ಸದ್ದು ಕೇಳಿ ಮಕ್ಕಳ ಹೆಗಲು ಸಡಿಲವಾಗುವುದು ಕಣ್ಣಿಗೆ ಕಾಣುತ್ತಿತ್ತು.

ಗೈರುಹಾಜರಿ ನಮ್ಮ ಇನ್ನೊಂದು ಚಿಂತೆ. ಆಯ್ಕೆಯಾದ ಶಾಲೆಗಳಲ್ಲಿ ಎಷ್ಟು ಒಪ್ಪಿದವು, ಆ ತರಗತಿಗಳ ಮಕ್ಕಳಲ್ಲಿ ಎಷ್ಟು ಮಂದಿ ಉತ್ತರಿಸಿದರು ಎಂಬ ಎರಡನ್ನೂ ಗುಣಿಸಿದಾಗ ಬರುವ ಪ್ರಮಾಣ ಶೇ 60ಕ್ಕಿಂತ ಕಡಿಮೆಯಾದರೆ ಫಲಿತಾಂಶವನ್ನು ಇಡೀ ಪ್ರದೇಶದ ಮಕ್ಕಳಿಗೆ ಅನ್ವಯಿಸುವಂತಿಲ್ಲ ಎಂಬುದು ನಾವು ಅನುಸರಿಸಿದ ಮಾದರಿಯ ನಿಯಮ. ಆದರೆ ಅಂಕಿಗಿಂತ ನನ್ನನ್ನು ಕಾಡಿದ್ದು ಯಾರು ಬಂದಿಲ್ಲ ಎಂಬುದು. ಎರೆ ಹೊಲಗಳಲ್ಲಿ ಹತ್ತಿ ಒಡೆದು ನಿಂತಿತ್ತು. ಹಾಜರಿ ಪುಸ್ತಕದಲ್ಲಿ ಸಾಲಾಗಿ ಗೈರು ಇದ್ದವರು ಕೂಲಿಗೆ ಹೋದ ಮಕ್ಕಳು. ಕೈಯಲ್ಲಿ ಸ್ವಂತ ದುಡ್ಡು ಇರುವವರು, ದೊಡ್ಡವರ ಜೊತೆ ದಿನವಿಡೀ ಇರುವವರು, ದೊಡ್ಡವರ ಚಟಗಳಿಗೆ ಹತ್ತಿರ ಇರುವವರು ಅವರೇ. ಅವರನ್ನು ಬಿಟ್ಟು ಬರೆದ ವರದಿ ಶಾಲೆಯಲ್ಲಿ ಉಳಿದವರ ವರದಿ ಮಾತ್ರ. ಆದ್ದರಿಂದ ಪ್ರತಿ ಶಾಲೆಗೂ ಎರಡನೆಯ ಸಲ, ಕೆಲವಕ್ಕೆ ಮೂರನೆಯ ಸಲ, ಕೂಲಿಗೆ ಬಿಡುವಿರುವ ದಿನ ಕೇಳಿಕೊಂಡು ಹೋದೆವು. ಬೆರಳ ತುದಿಗಳಲ್ಲಿ ಹತ್ತಿಕಾಯಿಯ ಸಿಪ್ಪೆ ಗೀರಿದ ಗಾಯಗಳಿದ್ದ ಒಬ್ಬ ಹುಡುಗ ಪೆನ್ಸಿಲನ್ನು ಮಧ್ಯದ ಬೆರಳು ಮತ್ತು ಹೆಬ್ಬೆರಳಿನ ನಡುವೆ ಹಿಡಿದು, ಕೊನೆಯವರೆಗೂ ಒಂದೊಂದೇ ಗೋಲ ತುಂಬಿದ.

ಆತ್ಮಹತ್ಯೆಯ ಯೋಚನೆ ಬಂದಿತ್ತೇ ಎಂಬ ಪ್ರಶ್ನೆಗೆ ಬಂದಷ್ಟು ವಿರೋಧ ಬೇರೆ ಯಾವುದಕ್ಕೂ ಬರಲಿಲ್ಲ. ಇಲ್ಲದ್ದನ್ನು ಮಕ್ಕಳ ತಲೆಗೆ ನಾವೇ ತುಂಬಿದಂತಾಗುತ್ತದೆ ಎಂಬ ಭಯ ಪಾಲಕರಿಗೂ ಗುರುಗಳಿಗೂ ಇತ್ತು. ಅದು ಪ್ರೀತಿಯಿಂದ ಹುಟ್ಟಿದ ಭಯ. ನ್ಯೂಯಾರ್ಕ್ ರಾಜ್ಯದ ಆರು ಪ್ರೌಢಶಾಲೆಗಳ 2,342 ವಿದ್ಯಾರ್ಥಿಗಳ ಮೇಲೆ ಇದನ್ನೇ ಪರೀಕ್ಷಿಸಿ 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆ ಪ್ರಶ್ನೆ ಕೇಳಿಸಿಕೊಂಡ ಮಕ್ಕಳಲ್ಲಿ ಸಂಕಟವಾಗಲಿ ಅಂಥ ಯೋಚನೆಯಾಗಲಿ ಹೆಚ್ಚಿದ್ದು ಕಂಡುಬರಲಿಲ್ಲ ಎಂಬುದನ್ನು ಸಭೆಗಳಲ್ಲಿ ಹೇಳಿದೆವು. ಆದರೆ ಕೇಳಿ ಸುಮ್ಮನೆ ಎದ್ದು ಬರುವುದು ತಪ್ಪು ಎಂಬುದರಲ್ಲಿ ನಮ್ಮ ತಂಡಕ್ಕೆ ಎರಡು ಮಾತಿರಲಿಲ್ಲ. ಪ್ರತಿ ಮಗುವಿಗೂ ಒಂದು ಚೀಟಿ ಕೊಟ್ಟೆವು: ಮಕ್ಕಳ ಸಹಾಯವಾಣಿ 1098, ಮಾನಸಿಕ ಆರೋಗ್ಯದ ಟೆಲಿ ಮಾನಸ್ 14416, ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗಾಗಿ ಇರುವ ಸ್ನೇಹ ಕ್ಲಿನಿಕ್, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್. ಪಕ್ಕದ ಕೋಣೆಯಲ್ಲಿ ನಮ್ಮ ಆಪ್ತಸಮಾಲೋಚಕಿ ಇದ್ದರು. ಯಾರು ಬೇಕಾದರೂ ಅವರೊಡನೆ ಮಾತಾಡಬಹುದು ಎಂದು ಹೇಳಿದೆವು, ಮೊದಲ ಐದು ಶಾಲೆಗಳಲ್ಲಿ ಒಬ್ಬರೂ ಹೋಗಲಿಲ್ಲ. ಎಲ್ಲರ ಕಣ್ಣೆದುರು ಎದ್ದು ಆ ಕೋಣೆಗೆ ಹೋಗುವ ಧೈರ್ಯ ಹದಿನಾಲ್ಕರ ಮಗುವಿಗೆ ಎಲ್ಲಿಂದ ಬರಬೇಕು?

ಆರನೆಯ ಶಾಲೆಯ ಡಬ್ಬಿಯನ್ನು ಸಂಜೆ ತೆರೆದಾಗ, ಒಂದು ಪತ್ರಿಕೆಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ಸಣ್ಣದಾಗಿ ‘ನನಗ ಮಾತಾಡೂದೈತಿ, ಖರೆ ಹ್ಯಾಂಗ ಬರ್ಲಿ’ ಎಂದು ಬರೆದಿತ್ತು.

ಆ ರಾತ್ರಿ ನಾವು ಯಾರೂ ನಿದ್ದೆ ಮಾಡಲಿಲ್ಲ. ಆ ಪತ್ರಿಕೆ ಯಾರದು ಎಂದು ಪತ್ತೆ ಹಚ್ಚುವುದು ಅಸಾಧ್ಯವೇನಲ್ಲ. ನೋಟ್‌ಪುಸ್ತಕಗಳ ಕೈಬರಹದೊಂದಿಗೆ ಹೋಲಿಸಿದರೆ ಒಂದು ಗಂಟೆಯ ಕೆಲಸ. ಹಾಗೆ ಮಾಡಿದರೆ ಇಡೀ ತರಗತಿಗೆ ಕೊಟ್ಟ ಮಾತು ಮುರಿಯುತ್ತದೆ, ಮುಂದಿನ ಹದಿನಾಲ್ಕು ಶಾಲೆಗಳಿಗೆ ಆ ಸುದ್ದಿ ನಮಗಿಂತ ಮೊದಲು ತಲುಪುತ್ತದೆ. ಮಾಡದಿದ್ದರೆ ಆ ಮಗು ಇನ್ನೂ ಕಾಯುತ್ತಿರುತ್ತದೆ. ದಾರಿ ತೋರಿಸಿದವರು ನಮ್ಮ ಆಪ್ತಸಮಾಲೋಚಕಿ. ಎರಡು ದಿನ ಬಿಟ್ಟು ಎತ್ತರ ಅಳೆಯುವ ಪಟ್ಟಿ ಮತ್ತು ತೂಕದ ಯಂತ್ರ ತೆಗೆದುಕೊಂಡು ಅದೇ ತರಗತಿಗೆ ಹೋದೆವು. ಪರದೆ ಕಟ್ಟಿದ ಕೋಣೆಯಲ್ಲಿ ಅವರು ಕುಳಿತರು. ಎಲ್ಲ ಮಕ್ಕಳೂ ಒಬ್ಬೊಬ್ಬರಾಗಿ, ಹಾಜರಿಯ ಕ್ರಮದಲ್ಲಿ ಒಳಗೆ ಹೋಗಬೇಕು. ಪ್ರತಿಯೊಬ್ಬರಿಗೂ ಕನಿಷ್ಠ ಐದು ನಿಮಿಷ. ಎತ್ತರ ಬರೆದುಕೊಳ್ಳುವ ಮೊದಲು ಅವರು ಪ್ರತಿ ಮಗುವಿಗೂ ಒಂದೇ ಮಾತು ಹೇಳುತ್ತಿದ್ದರು: ನಿನಗೆ ಹೇಳುವುದಿದ್ದರೆ ಹೇಳಬಹುದು, ನಾನು ಯಾರಿಗೂ ಹೇಳುವುದಿಲ್ಲ, ಆದರೆ ಯಾರಾದರೂ ನಿನ್ನ ಮೈಮೇಲೆ ಕೈ ಹಾಕಿದ್ದರೆ ಅಥವಾ ನಿನ್ನ ಜೀವಕ್ಕೆ ಅಪಾಯ ಇದ್ದರೆ ನಿನ್ನ ರಕ್ಷಣೆಗಾಗಿ ಹೇಳಲೇಬೇಕಾದವರಿಗೆ ಹೇಳುತ್ತೇನೆ, ಅದನ್ನು ಮೊದಲೇ ನಿನಗೆ ತಿಳಿಸುತ್ತಿದ್ದೇನೆ. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ತಡೆಗಾಗಿ 2012ರಲ್ಲಿ ಬಂದ ಪೋಕ್ಸೋ ಕಾಯ್ದೆಯಲ್ಲಿ ವಿಷಯ ತಿಳಿದವರು ವರದಿ ಮಾಡುವುದು ಕಡ್ಡಾಯ. ಆ ಎಲ್ಲೆಯನ್ನು ಮಗು ಬಾಯಿ ಬಿಡುವ ಮೊದಲೇ ಹೇಳಿಬಿಡುವುದು ನ್ಯಾಯ ಎಂದು ಅವರು ಹಿಡಿದ ಪಟ್ಟನ್ನು ನಾನು ಪೂರ್ತಿ ಒಪ್ಪುತ್ತೇನೆ.

ಆ ಮಧ್ಯಾಹ್ನ ಮೂರು ಮಕ್ಕಳು ಪರದೆಯ ಹಿಂದೆ ಐದು ನಿಮಿಷಕ್ಕಿಂತ ಹೆಚ್ಚು ಹೊತ್ತು ಇದ್ದರು. ಹೊರಗೆ ಸಾಲಿನಲ್ಲಿ ನಿಂತವರು, ತೂಕದ ಯಂತ್ರ ಸರಿ ಇಲ್ಲವೇನೋ ಎಂದು ಮಾತಾಡಿಕೊಂಡರು. ಆ ಮೂವರು ಒಳಗೆ ಏನು ಹೇಳಿದರು ಎಂಬುದು ನನಗೆ ಗೊತ್ತಿಲ್ಲ, ಗೊತ್ತಾಗಬೇಕಾದದ್ದೂ ಅಲ್ಲ. ಆ ಸಾಲನ್ನು ಬರೆದವರು ಅವರಲ್ಲಿ ಒಬ್ಬರೇ ಎಂಬುದೂ ಗೊತ್ತಿಲ್ಲ. ಉಳಿದ ಎಲ್ಲ ಶಾಲೆಗಳಲ್ಲೂ, ಹಿಂದೆ ಮುಗಿಸಿದ್ದ ಐದು ಶಾಲೆಗಳಿಗೂ ಮರಳಿ ಹೋಗಿ, ಎತ್ತರ ತೂಕದ ಈ ಪರದೆಯನ್ನು ಕಟ್ಟಿದೆವು. ಇದಕ್ಕಾಗಿ ಕ್ಷೇತ್ರಕಾರ್ಯ ಇಪ್ಪತ್ತು ದಿನ ಹೆಚ್ಚಾಯಿತು, ಬಸ್ಸಿನ ಖರ್ಚು ಕೈಯಿಂದಲೂ ಹೋಯಿತು.

ಮಾರ್ಚಿನ ಮೊದಲು, ಎಲ್ಲ ಶಾಲೆಗಳ ಉತ್ತರಗಳನ್ನು ಸೇರಿಸಿದ ಲೆಕ್ಕವನ್ನು ಮುಖ್ಯಾಧ್ಯಾಪಕರ ಸಭೆಯಲ್ಲಿ ಓದಿ ಹೇಳಿದೆವು. ಅಂಕಿಗಳು ಅಧ್ಯಯನದವು, ಅವು ಬರಬೇಕಾದಲ್ಲಿ ಬರುತ್ತವೆ. ಸಭೆ ಮುಗಿದು ಎಲ್ಲರೂ ಚಹಾಕ್ಕೆ ಎದ್ದಾಗ, ಬಿ ವಿಭಾಗ ಬೇಡವೆಂದಿದ್ದ ಗುರುಗಳು ನನ್ನ ಬಳಿ ಬಂದು, ಸಹಾಯವಾಣಿಯ ಚೀಟಿಗಳು ಇನ್ನೂ ಇವೆಯೇ ಎಂದು ಕೇಳಿದರು. ಸೂಚನಾ ಫಲಕಕ್ಕೆ ಒಂದು ದೊಡ್ಡ ಹಾಳೆಯನ್ನೇ ಕೊಡುತ್ತೇವೆ ಎಂದೆ. “ಫಲಕಕ್ಕ ಬ್ಯಾಡ್ರಿ ಮೇಡಮ್ಮಾರ. ಅಲ್ಲಿ ನಿಂತು ಓದಿದ್ರ ಎಲ್ಲಾರೂ ನೋಡ್ತಾರ. ಶೌಚಾಲಯದ ಬಾಗಲಾ ಹಾಕಿಕೊಂಡ ಮ್ಯಾಲೆ ಕಣ್ಣಿಗೆ ಬೀಳೂಹಂಗ, ಒಳಗಿನ ಕಡೆ ಹಚ್ಚತೀನ್ರಿ” ಎಂದು ಅವರು ಎಣಿಸಿ ಎಂಟು ಚೀಟಿ ತೆಗೆದುಕೊಂಡರು, ಹುಡುಗಿಯರ ಕಡೆಗೆ ನಾಲ್ಕು, ಹುಡುಗರ ಕಡೆಗೆ ನಾಲ್ಕು.